ಮನೆವಾರ್ತೆ: ಎರಡು ದಿನದ ಮೈಸೂರು

ಭತ್ತದ ಕೊಯ್ಲು ಮುಗಿದು, ಕಣದ ಕೆಲಸವೂ ತೀರಿ, ಕೈಯಲ್ಲಿ ನಾಲ್ಕು ಕಾಸು ಕಾಣಿಸಿಕೊಂಡಿತೆಂದರೆ ನಮ್ಮ ಹೊನ್ನಾಳಿಯ ಕಡೆಯ ಮನೆಗಳಲ್ಲಿ "ಎಲ್ಲಿಗಾದರೂ ಎರಡು ದಿನ ಹೋಗಿ ಬರೋಣ" ಎಂಬ ಮಾತು ಏಳುವುದುಂಟು. ಶಿವಮೊಗ್ಗ ದಾವಣಗೆರೆಗಳು ಕಚೇರಿ, ಆಸ್ಪತ್ರೆ, ಜವಳಿ ಎಂದು ಹೋಗಿ ಬಂದು ಹಳತಾದ ಊರುಗಳು. ಅವು ಪ್ರವಾಸದ ಲೆಕ್ಕಕ್ಕೆ ಬರುವುದಿಲ್ಲ. ಧರ್ಮಸ್ಥಳ, ಮಂತ್ರಾಲಯಗಳಿಗೆ ಹೋಗುವುದು ಯಾತ್ರೆ. ಅಲ್ಲಿ ಊಟ ವಸತಿಗಳ ಚಿಂತೆಯನ್ನು ಬಹುಮಟ್ಟಿಗೆ ಕ್ಷೇತ್ರವೇ ಹೊತ್ತುಕೊಳ್ಳುತ್ತದೆ. ಆದರೆ ಬಂಧುಗಳಾರೂ ಇಲ್ಲದ, ಬೀದಿಗಳ ಗುರುತಿಲ್ಲದ ಒಂದು ದೊಡ್ಡ ನಗರಕ್ಕೆ ಸಂಸಾರ ಸಮೇತರಾಗಿ ಹೊರಡುವುದು ಬೇರೆಯದೇ ಮಾತು. ಆ ನಗರವು ಹತ್ತರಲ್ಲಿ ಎಂಟು ಮನೆಗಳಲ್ಲಿ ಮೈಸೂರೇ ಆಗಿರುವುದರಿಂದ ಈ ತಿಂಗಳು ಅದನ್ನೇ ಮುಂದಿಟ್ಟುಕೊಂಡು ಕೆಲವು ವಿಷಯಗಳನ್ನು ಬರೆಯುತ್ತೇವೆ. ಮೈಸೂರಿನಲ್ಲಿ ಅಕ್ಕನ ಮನೆಯೋ ಭಾವಮೈದುನನ ಮನೆಯೋ ಉಳ್ಳ ಭಾಗ್ಯವಂತರು ಈ ಪುಟವನ್ನು ದಾಟಿ ಮುಂದಕ್ಕೆ ಹೋಗಬಹುದು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 2009ರಲ್ಲಿ ನಾವು ನಮ್ಮ ತಾಯಿಯವರನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಆಗ ಅವರಿಗೆ 69 ವರ್ಷ; ಮೊಳಕಾಲಿನ ನೋವು. ಅವರ ತಂದೆಯವರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಶಿವಮೊಗ್ಗಕ್ಕೆ ಬಂದು, ರೈಲು ಹತ್ತಿ, ಮೈಸೂರಿನ ದಸರಾ ಮೆರವಣಿಗೆಯನ್ನು ಒಂದು ಸಲ ಕಣ್ಣಾರೆ ನೋಡಿ ಬಂದಿದ್ದರಂತೆ. ಆ ಮೆರವಣಿಗೆಯ ವರ್ಣನೆಯನ್ನು ಕೇಳುತ್ತಲೇ ನಮ್ಮ ತಾಯಿ ಬೆಳೆದರು. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ಆ ಕಾಲದ ಮೆರವಣಿಗೆಯನ್ನೇ ಸಾಲಾಗಿ ಚಿತ್ರಿಸಿದೆ ಎಂದು ಯಾರೋ ಹೇಳಿದ್ದನ್ನು ಕೇಳಿ, "ಅಪ್ಪ ನೋಡಿದ್ದನ್ನು ನಾನೂ ಒಮ್ಮೆ ನೋಡಬೇಕು" ಎಂದು ಅವರು ಬಹಳ ದಿನಗಳಿಂದ ಹೇಳುತ್ತಿದ್ದರು.

ನಾವೋ ಹನ್ನೊಂದು ಸ್ಥಳಗಳ ಪಟ್ಟಿಯನ್ನು ಮಾಡಿಕೊಂಡು ಹೊರಟವರು. ರಾತ್ರಿಯೆಲ್ಲ ಪ್ರಯಾಣ, ಬೆಳಗ್ಗೆ ಇಳಿದು ಕಾಫಿ ಕುಡಿದವರೇ ಬಾಡಿಗೆಯ ಕಾರಿನಲ್ಲಿ ಚಾಮುಂಡಿ ಬೆಟ್ಟ. ಅಲ್ಲಿಂದ ಇಳಿದು ಮೃಗಾಲಯ. ಅಂದು ಮಂಗಳವಾರ. ಮಂಗಳವಾರ ಮೈಸೂರಿನ ಮೃಗಾಲಯಕ್ಕೆ ರಜೆ ಎಂಬುದು ಮುಚ್ಚಿದ ಬಾಗಿಲಿನ ಮುಂದೆ ನಿಂತಾಗಲೇ ನಮಗೆ ತಿಳಿದದ್ದು. ಮಕ್ಕಳು ಅತ್ತವು, ಅವರನ್ನು ಸಮಾಧಾನಪಡಿಸಲು ಶ್ರೀರಂಗಪಟ್ಟಣ, ಊಟಕ್ಕೆ ಮಧ್ಯಾಹ್ನ ಮೂರು ಗಂಟೆ, ಆ ಬಳಿಕ ದಾರಿಯಲ್ಲಿ ಸಿಕ್ಕಿತೆಂದು ಸಂತ ಫಿಲೋಮಿನಾ ಚರ್ಚು. ಅರಮನೆಗೆ ಬಂದಾಗ ಒಳಗೆ ಬಿಡುವ ಹೊತ್ತು ಮೀರಿತ್ತು. ರಾತ್ರಿಯ ಗಾಡಿಗೆ ಹಿಂದಿರುಗುವ ಟಿಕೆಟ್ಟು ಆಗಲೇ ಜೇಬಿನಲ್ಲಿತ್ತು. ತಾಯಿಯವರು ಕಬ್ಬಿಣದ ಕಂಬಿಗಳ ಆಚೆ ಗೋಪುರಗಳನ್ನು ಸ್ವಲ್ಪ ಹೊತ್ತು ನೋಡಿ, "ಹೊರಗಿಂದ ನೋಡಿದೆನಲ್ಲ, ಸಾಕು ಬಿಡು" ಎಂದರು. ಮಾರನೆಯ ವರ್ಷದ ಮಳೆಗಾಲದಲ್ಲಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರು ಹೊನ್ನಾಳಿಯನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಈಗ ಅವರಿಲ್ಲ.

ಆದುದರಿಂದ ಪಟ್ಟಿ ಮಾಡುವ ವಿಷಯದಲ್ಲಿ ನಾವು ಹೇಳತಕ್ಕದ್ದೇನೆಂದರೆ: ಹೊರಡುವುದಕ್ಕೆ ಒಂದು ತಿಂಗಳು ಮುಂಚೆ, ರಾತ್ರಿಯ ಊಟವಾದ ಮೇಲೆ ಮನೆಯವರೆಲ್ಲ ಕುಳಿತಿರುವಾಗ, ಪ್ರತಿಯೊಬ್ಬರನ್ನೂ "ನೀವು ನೋಡಲೇಬೇಕೆಂದಿರುವುದು ಯಾವುದು?" ಎಂದು ಕೇಳಿ, ತಲೆಗೆ ಒಂದರಂತೆ ಬರೆದುಕೊಳ್ಳಿರಿ. ಹಿರಿಯರನ್ನು ಮೊದಲು ಕೇಳಬೇಕು. ಏಕೆಂದರೆ ಮಕ್ಕಳು ಹೇಳಿದ ಮೇಲೆ ಅವರು "ನನಗೇನು, ಮಕ್ಕಳು ನೋಡಿದರೆ ಸಾಕು" ಎಂದುಬಿಡುತ್ತಾರೆ. ಹೆಂಗಸರನ್ನು ಎರಡು ಸಲ ಕೇಳಬೇಕು; ಮೊದಲನೆಯ ಸಲ ಅವರು ಹೇಳುವುದು ಗಂಡನ ಮನಸ್ಸಿನಲ್ಲಿರುವುದನ್ನು. ಹೀಗೆ ಬರೆದ ಪಟ್ಟಿಯಲ್ಲಿ ನಾಲ್ಕು ಐದು ಹೆಸರುಗಳಿಗಿಂತ ಹೆಚ್ಚು ಇರುವುದಿಲ್ಲ. ಇಷ್ಟೇ ನಿಮ್ಮ ಪ್ರವಾಸ. ಮಿಕ್ಕದ್ದೆಲ್ಲ ಹೊತ್ತು ಉಳಿದರೆ.

ಎರಡನೆಯ ಕೆಲಸ, ಆ ಪಟ್ಟಿಯನ್ನು ಮನೆಯಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರ ಕಾಲಿನಿಂದ ಅಳೆಯುವುದು. ಮೃಗಾಲಯವು 1892ರಲ್ಲಿ ಸ್ಥಾಪಿತವಾದದ್ದು. ವಿಸ್ತಾರ 150 ಎಕರೆಗೂ ಮಿಗಿಲು. ಒಳಹೊಕ್ಕರೆ ನಡೆದದ್ದೇ ನಡೆದದ್ದು. ಎಳೆಯ ಕಾಲುಗಳಿಗೆ ಅದು ಆಟ, ಮಂಡಿನೋವಿನವರಿಗೆ ಅದು ಶಿಕ್ಷೆ. ಒಳಗೆ ಬ್ಯಾಟರಿಯ ಗಾಡಿಗಳುಂಟು. ಅದಕ್ಕೆ ಬೇರೆ ಟಿಕೆಟ್ಟು ಪಡೆದು ಹಿರಿಯರನ್ನು ಕೂರಿಸಬಹುದು. ಇಲ್ಲವಾದರೆ ಒಬ್ಬರು ಮಕ್ಕಳೊಡನೆ ಮೃಗಾಲಯಕ್ಕೆ, ಇನ್ನೊಬ್ಬರು ಹಿರಿಯರೊಡನೆ ಬಿಡಾರದಲ್ಲಿ ವಿಶ್ರಾಂತಿಗೆ ಎಂದು ಬೇರೆಯಾಗುವುದರಲ್ಲಿ ತಪ್ಪೇನೂ ಇಲ್ಲ. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕೆಂಬ ಹಟ ನಮ್ಮವರಲ್ಲಿ ವಿಪರೀತ.

ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ದಾರಿಯ ನಡುವೆ 17ನೆಯ ಶತಮಾನದ ದೊಡ್ಡ ನಂದಿ. ಹರಕೆ ಹೊತ್ತವರೂ ಹರಯದವರೂ ಮೆಟ್ಟಿಲು ಹತ್ತಲಿ. ಇತರರಿಗೆ ನಗರ ಬಸ್ ನಿಲ್ದಾಣದಿಂದ ಬೆಟ್ಟದ ಮೇಲಕ್ಕೇ ಬಸ್ಸುಗಳಿವೆ. ನಂದಿಯ ಬಳಿಗೆ ವಾಹನದ ದಾರಿಯೂ ಉಂಟು. ಆದರೆ ದೇವಸ್ಥಾನಕ್ಕೆಂದು ಹೋದ ಬಸ್ಸು ನಿಮ್ಮನ್ನು ನಂದಿಯ ಮುಂದೆ ಇಳಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ನಂದಿಯನ್ನೂ ನೋಡಬೇಕೆನ್ನುವವರು ಆಟೋವನ್ನೋ ಕಾರನ್ನೋ ಗೊತ್ತುಮಾಡುವಾಗಲೇ ಆ ಮಾತನ್ನು ಸೇರಿಸಿ ಬಾಡಿಗೆಯನ್ನು ಮುರಿದುಕೊಳ್ಳತಕ್ಕದ್ದು.

ಇನ್ನು ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ತುತ್ತಾಗಲು, ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಈಗಿನದನ್ನು ಕಟ್ಟಿ 1912ರಲ್ಲಿ ಮುಗಿಸಿದರು. ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಒಳಗೆ ನೋಡಬಹುದು. ಜನರನ್ನು ಬಿಡುವುದು ದಕ್ಷಿಣದ ವರಾಹ ದ್ವಾರದಿಂದ; ಭಾವಚಿತ್ರಗಳಲ್ಲಿ ಕಾಣುವ ಪೂರ್ವದ ದೊಡ್ಡ ಬಾಗಿಲಿನ ಮುಂದೆ ಆಟೋದಿಂದ ಇಳಿದುಬಿಟ್ಟರೆ ಹಿರಿಯರು ಬಿಸಿಲಿನಲ್ಲಿ ಬಹುದೂರ ಸುತ್ತಿ ನಡೆಯಬೇಕಾದೀತು. ಪಾದರಕ್ಷೆಗಳನ್ನು ಹೊರಗೇ ಒಪ್ಪಿಸಬೇಕು. ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಬರಿಗಾಲನ್ನು ಸುಡುವುದರಿಂದ ಒಂದು ಜೊತೆ ಕಾಲುಚೀಲವನ್ನು ಚೀಲದಲ್ಲಿ ಇಟ್ಟಿರುವುದು ಒಳ್ಳೆಯದು. ಗೊಂಬೆ ತೊಟ್ಟಿ, ಆನೆ ಬಾಗಿಲು, ಕಲ್ಯಾಣ ಮಂಟಪ ಇವು ಕೆಳಗಿನ ಅಂತಸ್ತಿನಲ್ಲಿಯೇ ಇವೆ. ದರ್ಬಾರು ಮಂಟಪಕ್ಕೆ ಮಾತ್ರ ಮೆಟ್ಟಿಲುಗಳನ್ನು ಹತ್ತಬೇಕು. ಮೆಟ್ಟಿಲು ಹತ್ತಲಾರದವರಿಗೂ ಅರಮನೆಯ ಸೊಗಸಿನಲ್ಲಿ ಅರ್ಧಪಾಲು ದಕ್ಕುತ್ತದೆ ಎಂಬುದನ್ನು ತಿಳಿಸಿ ಕರೆದುಕೊಂಡು ಹೋಗಿರಿ. ಎಷ್ಟೋ ವೃದ್ಧರು ಮೆಟ್ಟಿಲಿನ ಹೆದರಿಕೆಯಿಂದಲೇ "ನಾನು ಇಲ್ಲೇ ಕುಳಿತಿರುತ್ತೇನೆ" ಎಂದು ಹೊರಗೆ ಉಳಿದುಬಿಡುತ್ತಾರೆ.

ವಾರದ ಲೆಕ್ಕವನ್ನು ಈಗ ನೋಡೋಣ. ಅರಮನೆಯ ಸುಮಾರು ಒಂದು ಲಕ್ಷ ದೀಪಗಳನ್ನು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳರ ಸುಮಾರಿಗೆ ಹೊತ್ತಿಸುತ್ತಾರೆ. ಮೃಗಾಲಯಕ್ಕೆ ಮಂಗಳವಾರ ರಜೆ. ಶನಿವಾರ ಭಾನುವಾರಗಳಲ್ಲಿ ಅರಮನೆಯೊಳಗೆ ಜನಜಂಗುಳಿ. ಈ ಮೂರನ್ನೂ ಹೊಂದಿಸಿ ನೋಡಿದರೆ ಭಾನುವಾರ ಮುಂಜಾನೆ ತಲುಪಿ ಸೋಮವಾರ ರಾತ್ರಿ ಹೊರಡುವ ಏರ್ಪಾಡೇ ನಮಗೆ ಉತ್ತಮವಾಗಿ ತೋರುತ್ತದೆ. ಭಾನುವಾರ ಬೆಳಗ್ಗೆ ಸ್ನಾನ, ತಿಂಡಿ, ಎರಡು ಗಂಟೆಯ ನಿದ್ರೆ. ಮಧ್ಯಾಹ್ನದ ಮೇಲೆ ಮಕ್ಕಳಿಗೆ ಮೃಗಾಲಯ. ಸಂಜೆ ದೀಪ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ, ಬಾಗಿಲು ತೆರೆಯುವ ಹೊತ್ತಿಗೇ ಸರಿಯಾಗಿ ಅರಮನೆಯ ಒಳಗೆ. ಊಟ, ವಿಶ್ರಾಂತಿ, ಬಿಸಿಲು ಇಳಿದ ಮೇಲೆ ಬೆಟ್ಟ. ಮಕ್ಕಳಿಗೆ ಒಂದು ದಿನದ ಶಾಲೆ ತಪ್ಪುತ್ತದೆ ಎನ್ನುವವರಿದ್ದಾರೆ. ಬೇಸಗೆಯ ರಜೆಯಲ್ಲಿ ಹೋದರೆ ಆ ತೊಡಕಿಲ್ಲ, ಆದರೆ ಬಿಸಿಲೂ ಜನವೂ ಹೆಚ್ಚು. ದಸರೆಯ ಹತ್ತು ದಿನಗಳ ಗದ್ದಲದಲ್ಲಿ ಮಾತ್ರ ಮೊದಲ ಸಲ ಹೋಗುವವರೂ ವೃದ್ಧರನ್ನು ಕರೆದೊಯ್ಯುವವರೂ ಹೋಗದಿರುವುದು ಮೇಲು. ಕೊಠಡಿ ಸಿಕ್ಕುವುದು ಕಷ್ಟ, ಸಿಕ್ಕರೂ ಬಾಡಿಗೆ ಆಕಾಶಕ್ಕೆ.

ಈ ಏರ್ಪಾಡಿನಲ್ಲಿ ಕೃಷ್ಣರಾಜಸಾಗರವೂ ಶ್ರೀರಂಗಪಟ್ಟಣವೂ ಬಿಟ್ಟುಹೋದುವಲ್ಲ ಎಂದು ಕೆಲವರಿಗೆ ಅಸಮಾಧಾನವಾದೀತು. ಬೃಂದಾವನದ ಕಾರಂಜಿಗಳಿಗೆ ಕತ್ತಲೆಯಾಗಬೇಕು; ಅದು ಊರಿನಿಂದ ಸುಮಾರು 20 ಕಿಲೋಮೀಟರು. ಹೋಗಿ ಬರುವುದರಲ್ಲಿ ಒಂದು ಸಂಜೆಯೇ ಮುಗಿಯುತ್ತದೆ. ದೀಪದ ಅರಮನೆಯೋ ಬಣ್ಣದ ಕಾರಂಜಿಯೋ ಎಂಬುದನ್ನು ಹೊನ್ನಾಳಿಯಲ್ಲಿಯೇ ತೀರ್ಮಾನಿಸಿಕೊಂಡು ಹೊರಡಬೇಕು. ಮೈಸೂರಿನ ಬೀದಿಯಲ್ಲಿ ನಿಂತು ತೀರ್ಮಾನಿಸಹೊರಟರೆ ಜಗಳವಾಗುತ್ತದೆ.

ದಾರಿಯ ವಿಚಾರ. ಹೊನ್ನಾಳಿಗೆ ರೈಲು ಇಲ್ಲ. ಶಿವಮೊಗ್ಗಕ್ಕೂ ಹರಿಹರಕ್ಕೂ ಹೆಚ್ಚುಕಡಿಮೆ ಒಂದೇ ದೂರ, ಸುಮಾರು 40 ಕಿಲೋಮೀಟರು. ಹರಿಹರವು ಬೆಂಗಳೂರು-ಹುಬ್ಬಳ್ಳಿಯ ದೊಡ್ಡ ದಾರಿಯಲ್ಲಿದೆ. ಶಿವಮೊಗ್ಗದ ದಾರಿ ಬೀರೂರಿನಲ್ಲಿ ಆ ದೊಡ್ಡ ದಾರಿಯನ್ನು ಕೂಡಿಕೊಳ್ಳುತ್ತದೆ. ಮುಂದೆ ಅರಸೀಕೆರೆಯಿಂದ ಮೈಸೂರಿಗೆ ಎರಡು ಹಾದಿ: ಒಂದು ಹಾಸನದ ಮೇಲೆ, ಇನ್ನೊಂದು ತುಮಕೂರು ಬೆಂಗಳೂರುಗಳ ಮೇಲೆ ಸುತ್ತಿಕೊಂಡು. ಎರಡರಲ್ಲಿಯೂ ಗಾಡಿಗಳು ಓಡುತ್ತವೆ. ಟಿಕೆಟ್ಟು ಕೊಳ್ಳುವಾಗ "ಮೈಸೂರಿಗೆ" ಎಂದಷ್ಟೇ ಹೇಳದೆ ಯಾವ ಹಾದಿ, ತಲುಪುವುದು ಎಷ್ಟು ಹೊತ್ತಿಗೆ ಎಂಬುದನ್ನು ಕೇಳಿಯೇ ಹಣ ಕೊಡಬೇಕು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿದ್ದಾರೆ. ಅರ್ಜಿಯಲ್ಲಿ ವಯಸ್ಸನ್ನು ಸರಿಯಾಗಿ ಬರೆಯಿರಿ. 60 ತುಂಬಿದ ಗಂಡಸರಿಗೂ 45 ತುಂಬಿದ ಹೆಂಗಸರಿಗೂ ಕೆಳಗಿನ ಮಲಗುವ ಪೀಠಗಳಲ್ಲಿ ಒಂದು ಪಾಲು ಮೀಸಲಿರುತ್ತದೆ. ಸಂಕೋಚದಿಂದ ವಯಸ್ಸು ಕಡಿಮೆ ಬರೆಸಿ, ರಾತ್ರಿ ಮೇಲಿನ ಪೀಠವನ್ನು ಹತ್ತಲಾರದೆ ಒದ್ದಾಡಿದ ಗೃಹಿಣಿಯೊಬ್ಬರನ್ನು ನಾವು ಬಲ್ಲೆವು.

ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಪ್ರಕಾರ ರಾಜ್ಯದ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಾದುದಿಲ್ಲ. ಆದರೆ ಕರ್ನಾಟಕದ ವಿಳಾಸವುಳ್ಳ ಗುರುತಿನ ಚೀಟಿ ಕೈಯಲ್ಲಿರಬೇಕು. ಕಂಡಕ್ಟರು ಕೊಡುವ ಶೂನ್ಯ ದರದ ಟಿಕೆಟ್ಟನ್ನು ಇಳಿಯುವವರೆಗೂ ಜೋಪಾನ ಮಾಡಬೇಕು. ಹವಾನಿಯಂತ್ರಿತ ಬಸ್ಸು, ರಾಜಹಂಸ ಮೊದಲಾದ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ಹಣ ಉಳಿಯುತ್ತದೆಂದು ಹಿರಿಯರನ್ನು ಹಗಲೆಲ್ಲ ಸಾಮಾನ್ಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವುದು ಉಳಿತಾಯವಲ್ಲ. ಹೊನ್ನಾಳಿಯಿಂದ ಶಿವಮೊಗ್ಗದವರೆಗೆ ಬಸ್ಸು, ಮುಂದೆ ಮಲಗಲು ಜಾಗವಿರುವ ರೈಲು ಎಂಬುದೇ ಮಂಡಿನೋವಿನವರಿಗೆ ಹಿತವಾದದ್ದು. ಬಸ್ಸಿಗೂ ರೈಲಿಗೂ ನಡುವೆ ಎರಡು ಗಂಟೆಯ ಅವಕಾಶವಿರಲಿ. ದಾರಿಯಲ್ಲಿ ಒಂದು ಟೈರು ಬಿಟ್ಟುಕೊಂಡರೂ ಗಾಡಿ ತಪ್ಪಬಾರದು.

ಬಿಡಾರದ ವಿಷಯದಲ್ಲಿ ಮೋಸಹೋಗುವವರು ಬಹಳ. ದೂರವಾಣಿಯಲ್ಲಿ ಬಾಡಿಗೆಯೊಂದನ್ನೇ ಕೇಳಿ ಗೊತ್ತುಮಾಡುವುದು ಸಾಲದು. ಮುಖ್ಯವಾಗಿ ಕೇಳತಕ್ಕದ್ದು, ದಿನದ ಲೆಕ್ಕ ಯಾವಾಗ ಶುರುವಾಗುತ್ತದೆ ಎಂಬುದು. ಕೆಲವು ಕಡೆ ನೀವು ಕಾಲಿಟ್ಟ ಗಳಿಗೆಯಿಂದ 24 ಗಂಟೆ. ಕೆಲವು ಕಡೆ ಮಧ್ಯಾಹ್ನ ಹನ್ನೆರಡರಿಂದ ಮಧ್ಯಾಹ್ನ ಹನ್ನೆರಡಕ್ಕೆ. ಎರಡನೆಯ ಬಗೆಯ ಲಾಡ್ಜಿಗೆ ಮುಂಜಾನೆ ಆರಕ್ಕೆ ಹೋದರೆ ಅರ್ಧ ದಿನಕ್ಕೆಂದು ಪೂರ್ತಿ ದಿನದ ಬಾಡಿಗೆ ಕೊಡಬೇಕು, ಇಲ್ಲವೆ ಗಂಟುಮೂಟೆಗಳ ಮೇಲೆ ಕುಳಿತಿರಬೇಕು. ಸೋಮವಾರ ರಾತ್ರಿ ಹೊರಡುವವರಿಗೆ ಕೊನೆಯ ಮಧ್ಯಾಹ್ನದಲ್ಲಿಯೂ ಅದೇ ತೊಂದರೆ. ಇದನ್ನು ಮೊದಲೇ ಮಾತಾಡಿಕೊಂಡರೆ ಎಷ್ಟೋ ಕಡೆ ಅರ್ಧ ಬಾಡಿಗೆಗೆ ಒಪ್ಪುತ್ತಾರೆ. ಇಳಿದ ಮೇಲೆ ಯಾರೂ ಒಪ್ಪುವುದಿಲ್ಲ. ಆಮೇಲೆ, ಕೊಠಡಿ ಎಷ್ಟನೆಯ ಅಂತಸ್ತು, ಲಿಫ್ಟು ಇದೆಯೆ, ಬಿಸಿನೀರು ಯಾವ ಹೊತ್ತಿನಲ್ಲಿ, ಕಕ್ಕಸು ಕುಳಿತುಕೊಳ್ಳುವ ಬಗೆಯದೋ ಕಾಲೂರುವ ಬಗೆಯದೋ. ಕೊನೆಯದನ್ನು ಕೇಳಲು ನಾಚುವವರುಂಟು. ಮಂಡಿ ಮಡಿಸಲಾಗದ ತಾಯಿಯ ಎರಡು ದಿನಗಳ ನೆಮ್ಮದಿ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ನಾಚಿಕೆಗೆ ಅಲ್ಲಿ ಸ್ಥಳವಿಲ್ಲ.

"ಅರಮನೆಗೆ ಹತ್ತಿರ" ಎಂದು ಮೈಸೂರಿನ ಲಾಡ್ಜುಗಳವರೆಲ್ಲರೂ ಹೇಳುತ್ತಾರೆ. ಹತ್ತಿರವೆಂಬುದು ಹೇಳುವವನ ಕಾಲಿಗೆ ಸೇರಿದ ಮಾತು. ಮನೆಯ ಹುಡುಗರ ಮೊಬೈಲಿನಲ್ಲಿ ನಕ್ಷೆಯನ್ನು ತೆಗೆಯಿಸಿ ದೂರವನ್ನು ಕಣ್ಣಾರೆ ನೋಡಿಕೊಳ್ಳಿರಿ. ದಾರಿಯಲ್ಲಿ ಸ್ಥಳೀಕರನ್ನು ಕೇಳುವಾಗಲೂ "ಎಷ್ಟು ದೂರ?" ಎನ್ನದೆ "ನಡೆದರೆ ಎಷ್ಟು ನಿಮಿಷ?" ಎಂದು ಕೇಳಿ, ಅವರು ಹೇಳಿದುದನ್ನು ಇಮ್ಮಡಿ ಮಾಡಿಕೊಳ್ಳಬೇಕು. ನಿಲ್ದಾಣದಲ್ಲಿ ಇಳಿದೊಡನೆ "ಒಳ್ಳೆಯ ಲಾಡ್ಜು ತೋರಿಸುತ್ತೇನೆ, ಸೀರೆ ಅಂಗಡಿ ತೋರಿಸುತ್ತೇನೆ" ಎಂದು ಬರುವವರಿಗೆ ನಗುಮೊಗದಿಂದಲೇ "ಬೇಡಪ್ಪ, ಗೊತ್ತಾಗಿದೆ" ಎಂದು ಹೇಳಿ ಮುಂದುವರಿಯಬೇಕು. ಟಾಂಗಾ ಸವಾರಿ ಮಕ್ಕಳಿಗೆ ಬಹಳ ಇಷ್ಟ. ಹಿರಿಯರಿಗೆ ಅದರ ಮೆಟ್ಟಿಲು ಎತ್ತರ. ಹತ್ತುವ ಮುಂಚೆ ದರ, ಎಲ್ಲಿಂದ ಎಲ್ಲಿಗೆ, ಎಷ್ಟು ಜನಕ್ಕೆ, ಮೂರನ್ನೂ ಬಾಯಿಬಿಟ್ಟು ಹೇಳಿಸಿಕೊಳ್ಳಿರಿ.

ಇನ್ನು ಬುತ್ತಿ. ನಮ್ಮ ಕಡೆ ಪ್ರಯಾಣವೆಂದರೆ ಮನೆಯ ಹೆಂಗಸರು ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಒಲೆಯ ಮುಂದೆ ನಿಂತಿರುವುದು ರೂಢಿ. ಕಡಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಚಕ್ಕುಲಿ, ಮಂಡಕ್ಕಿ ಎಂದು ಒಂದು ಮದುವೆಯ ದಿಬ್ಬಣಕ್ಕಾಗುವಷ್ಟು ಕಟ್ಟಿಕೊಂಡು, ಅದರ ಅರ್ಧವನ್ನು ಹಾಗೆಯೇ ಹೊತ್ತು ತರುತ್ತೇವೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ: ಮೊದಲ ರಾತ್ರಿಯ ಊಟವೊಂದನ್ನು ಮಾತ್ರ ಮನೆಯಿಂದ ಒಯ್ದರೆ ಸಾಕು. ಹಸಿವೆಗೆ ಕಾಯಲಾರದ ಮಕ್ಕಳಿಗೂ ಸಕ್ಕರೆಕಾಯಿಲೆಯ ಹಿರಿಯರಿಗೂ ಒಂದು ಡಬ್ಬಿ ರೊಟ್ಟಿ-ಚಟ್ನಿಪುಡಿ ಹೆಚ್ಚಿಗೆ ಇರಲಿ. ಮೈಸೂರಿನಲ್ಲಿ ಉಪಾಹಾರ ಮಂದಿರಗಳಿಗೆ ಬರವಿಲ್ಲ. ವರ್ಷದ 363 ದಿನ ಅಡಿಗೆ ಮಾಡಿದವಳು ಉಳಿದೆರಡು ದಿನ ಯಾರೋ ಬಡಿಸಿದ್ದನ್ನು ಕುಳಿತು ಉಣ್ಣಲಿ. ಪ್ರವಾಸವು ಅವಳಿಗೂ ಸೇರಿದ್ದು.

ಔಷಧಗಳನ್ನು ಎರಡು ಪಾಲು ಮಾಡಿ ಎರಡು ಚೀಲಗಳಲ್ಲಿ ಇಡಬೇಕು. ರಕ್ತದೊತ್ತಡದ ಮಾತ್ರೆಯ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದ ಚೀಟಿ ಹಿರಿಯರ ಸಂಚಿಯಲ್ಲಿಯೇ ಇರಲಿ. ಹಣಕ್ಕೂ ಇದೇ ನಿಯಮ. ಮೊಬೈಲಿನಿಂದ ಹಣ ಕೊಡುವುದು ಈಗ ಸುಲಭವಾಗಿರುವುದು ನಿಜ. ಆದರೆ ಮೊಬೈಲಿನ ಜೀವವು ಸಂಜೆಯ ಹೊತ್ತಿಗೆ, ಅಂದರೆ ಬೇಕಾದ ಹೊತ್ತಿಗೇ, ಹೋಗುತ್ತದೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಹೊನ್ನಾಳಿಯಲ್ಲಿಯೇ ಕೂಡಿಸಿಕೊಂಡು ಹೊರಡಿರಿ. ಬಿಡಾರದ ಹೆಸರು, ಬೀದಿ, ಮನೆಯವರ ದೂರವಾಣಿ ಸಂಖ್ಯೆ ಇವುಗಳನ್ನು ಕಾಗದದ ಮೇಲೆ ಬರೆದು ಪ್ರತಿಯೊಬ್ಬರ ಜೇಬಿನಲ್ಲಿಯೂ ಇಡತಕ್ಕದ್ದು. ಮೊಬೈಲಿನಲ್ಲಿ ಇದೆಯಲ್ಲ ಎನ್ನಬೇಡಿರಿ, ದಾರಿ ತಪ್ಪಿದ ಅಜ್ಜಿಯ ಕೈಯಲ್ಲಿ ಮೊಬೈಲು ಇರುವುದಿಲ್ಲ. ಯಾವುದೇ ಸ್ಥಳವನ್ನು ಹೊಕ್ಕೊಡನೆ "ಬೇರೆಯಾದರೆ ಇಲ್ಲಿ ಬಂದು ನಿಲ್ಲಬೇಕು" ಎಂದು ಒಂದು ಮರವನ್ನೋ ಕಂಬವನ್ನೋ ಮಕ್ಕಳಿಗೂ ಹಿರಿಯರಿಗೂ ತೋರಿಸಿರಿ. ದೀಪ ನೋಡುವ ಭಾನುವಾರದ ಸಂದಣಿಯಲ್ಲಿ ಇದರ ಬೆಲೆ ತಿಳಿಯುತ್ತದೆ.

ಖರೀದಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಕು. ದೇವರಾಜ ಮಾರುಕಟ್ಟೆಯಲ್ಲಿ ಮೈಸೂರು ಮಲ್ಲಿಗೆ, ವೀಳೆಯದೆಲೆ, ನಂಜನಗೂಡು ರಸಬಾಳೆ ಎಂದು ಮೊದಲ ದಿನವೇ ಕೊಂಡರೆ ಹೂವು ಬಾಡುತ್ತದೆ, ಹಣ್ಣು ಚೀಲದಲ್ಲಿ ಹಿಸುಕಿಹೋಗುತ್ತದೆ. ರೇಷ್ಮೆ ಸೀರೆ ಕೊಳ್ಳುವವರು 1912ರಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆಯ ಮಳಿಗೆಗೇ ಹೋದರೆ ಅಸಲು ನಕಲಿಯ ಸಂಶಯವಿಲ್ಲ. ಸೀರೆಗೆ ಒಂದು ಗಂಟೆ ಸಾಕೆಂದು ಪಟ್ಟಿಯಲ್ಲಿ ಬರೆಯುವ ಗೃಹಸ್ಥನು ಇನ್ನೂ ಸಂಸಾರಕ್ಕೆ ಹೊಸಬನೆಂದೇ ತಿಳಿಯಬೇಕು. ಮೂರು ಗಂಟೆ ಹಿಡಿಯಿರಿ, ಇಲ್ಲವೆ ಸೀರೆಯ ಮಾತನ್ನೇ ಎತ್ತಬೇಡಿರಿ.

2023ರ ಚಳಿಗಾಲದಲ್ಲಿ ನಾವು ತಾಯಿಯ ತಂಗಿಯನ್ನು, ಎಂದರೆ ನಮ್ಮ ಚಿಕ್ಕಮ್ಮನವರನ್ನು, ಮೇಲೆ ಹೇಳಿದ ಏರ್ಪಾಡಿನಂತೆಯೇ ಮೈಸೂರಿಗೆ ಕರೆದೊಯ್ದೆವು. ಸೋಮವಾರ ಹತ್ತು ಗಂಟೆಗೆ ಕಲ್ಯಾಣ ಮಂಟಪದಲ್ಲಿ ನಮ್ಮನ್ನು ಬಿಟ್ಟರೆ ಹತ್ತಾರು ಜನ ಮಾತ್ರ. ಬಣ್ಣದ ಗಾಜಿನ ಮೇಲ್ಛಾವಣಿಯ ನವಿಲುಗಳನ್ನು ಮಕ್ಕಳು ಕತ್ತೆತ್ತಿ ನೋಡುತ್ತಿದ್ದರೆ, ಚಿಕ್ಕಮ್ಮನವರು ಗೋಡೆಯ ಚಿತ್ರಗಳ ಮುಂದೆ ಒಂದೊಂದೇ ಹೆಜ್ಜೆಯಿಟ್ಟು ಸರಿದರು. ಆನೆ, ಕುದುರೆ, ವಾದ್ಯದವರು, ಬೀದಿಯ ಎರಡು ಬದಿಗೂ ನಿಂತ ಜನ. ಒಂದು ಚಿತ್ರದಲ್ಲಿ ಜನರ ಗುಂಪಿನ ಬಳಿ ಕಣ್ಣು ಇಟ್ಟು ಬಹಳ ಹೊತ್ತು ನಿಂತರು. ನಾವು ಗಡಿಯಾರವನ್ನು ನೋಡಲಿಲ್ಲ. "ಪೇಟ ಸುತ್ತಿದವರು ಎಷ್ಟು ಜನ ಇದ್ದಾರೆ ನೋಡು, ಯಾರಲ್ಲಿ ಯಾರೆಂದು ಹುಡುಕುವುದು" ಎಂದು ನಕ್ಕು, ಸೆರಗಿನಿಂದ ಕನ್ನಡಕವನ್ನು ಒರೆಸಿಕೊಂಡರು. ದರ್ಬಾರು ಮಂಟಪಕ್ಕೆ ಅವರು ಬರಲಿಲ್ಲ. ಅಂದಿನ ಸಂಜೆ ಮಳೆಹನಿ ಬಿದ್ದು ಬೆಟ್ಟವೂ ತಪ್ಪಿತು. ಊರಿಗೆ ಬಂದ ಮೇಲೆ ಬೆಟ್ಟದ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಪೇಟದ ಜನರ ಮಾತನ್ನು ಮಾತ್ರ ಬಂದವರಿಗೆಲ್ಲ ಹೇಳಿದರು.

ಹಿಂದಿರುಗುವ ದಾರಿಯ ವಿಷಯ ಎರಡು ಮಾತು ಉಳಿದಿದೆ. ರಾತ್ರಿಯ ಗಾಡಿ ಶಿವಮೊಗ್ಗವನ್ನು ಬೆಳಗಿನ ಜಾವಕ್ಕೆ ಮುಟ್ಟಿಸಿದರೆ, ಹೊನ್ನಾಳಿಯ ಮೊದಲ ಬಸ್ಸು ಎಷ್ಟು ಹೊತ್ತಿಗೆಂಬುದನ್ನು ಹೋಗುವಾಗಲೇ ಬಸ್ ನಿಲ್ದಾಣದಲ್ಲಿ ಕೇಳಿ ಬರೆದಿಟ್ಟುಕೊಂಡಿರಬೇಕು. ಧನುರ್ಮಾಸದ ಆ ಚಳಿಯಲ್ಲಿ ಹಿರಿಯರಿಗೆ ಒಂದು ಶಾಲು ಕೈಗೆಟಕುವಂತೆ ಮೇಲಿನ ಚೀಲದಲ್ಲಿಯೇ ಇರಲಿ, ಪೆಟ್ಟಿಗೆಯ ತಳದಲ್ಲಿ ಬೇಡ. ಹಾಲಿನವನಿಗೆ ಮಂಗಳವಾರ ಬೆಳಗಿನಿಂದಲೇ ಹಾಲು ಹಾಕಲು ಹೇಳಿ ಹೋಗಿರಿ. ಬಾಗಿಲು ತೆರೆದ ಕೂಡಲೆ ಎಲ್ಲರಿಗೂ ಕಾಫಿ ಬೇಕಾಗುತ್ತದೆ, ಅದನ್ನು ಕಾಯಿಸುವ ಸರದಿ ಅಂದು ಗಂಡಸರದಾಗಿರಲಿ.